ತಾರಸಿಯಲ್ಲೊಂದು ನೀಲಿ ಬಾನಿ

ದಾವಣಗೆರೆಯ ಪಿ.ಜೆ. ಬಡಾವಣೆಯ ತಾರಸಿಗಳಲ್ಲಿ ಗಾಳಿಗೆ ಬರವಿಲ್ಲ. ಬಟ್ಟೆಯನ್ನು ನೀಲಿ ಗಿಡದ ಬಣ್ಣದಲ್ಲಿ ಅದ್ದಲು ಮುಖ್ಯವಾಗಿ ಬೇಕಾದದ್ದೂ ಗಾಳಿಯೇ. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು. ಹಳೆಯ ಬಿಳಿ ಪಂಚೆಯೊಂದು ಮನೆಯಲ್ಲೇ ಸಿಕ್ಕೀತು. ಅದರಿಂದಲೇ ಶುರು ಮಾಡಿ. ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಬಣ್ಣ ಹಿಡಿಯದು.

ನೀಲಿ ಕೊಳ್ಳುವಾಗ ಎಚ್ಚರ. ಬಿಳಿ ಬಟ್ಟೆಗೆ ಹಾಕುವ ನೀಲಿ ಬೇರೆಯೇ ವಸ್ತು. ಮದರಂಗಿ ಜೊತೆ ತಲೆಗೆ ಹಚ್ಚುವ ಹಸಿರು ಪುಡಿ ನೀಲಿ ಗಿಡದ್ದೇ, ಆದರೆ ಬರೀ ಒಣಗಿದ ಎಲೆ. ನಮಗೆ ಬೇಕಾದದ್ದು ಎಲೆಯನ್ನು ನೀರಲ್ಲಿ ಕೊಳೆಹಾಕಿ, ಆ ನೀರನ್ನು ಕಡೆದು, ತಳಕ್ಕಿಳಿದ ಗಸಿಯನ್ನು ಒಣಗಿಸಿದ ಕಡುನೀಲಿ ಬಿಲ್ಲೆ ಅಥವಾ ಪುಡಿ. 1897ರಲ್ಲಿ ಜರ್ಮನಿಯ ಕಾರ್ಖಾನೆ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಗಿಡದ ನೀಲಿ ಮೂಲೆಗೆ ಸರಿಯಿತು. ಹಾಗಾಗಿ ಗಿಡದ್ದೇ ಎಂದು ಕೇಳಿ ತನ್ನಿ.

ಅದ್ದುವ ಹಿಂದಿನ ದಿನ ಪಂಚೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಜಾಲಿಸಿಡಿ. ಬಣ್ಣ ಹಿಡಿಸಲು ಸ್ಫಟಿಕ ಬೇಡ.

ಬಾನಿಗೆ ಅಳತೆ 1-2-3: ನೀಲಿ 50 ಗ್ರಾಂ, ಅರಳಿಸಿದ ಸುಣ್ಣದ ಪುಡಿ 100 ಗ್ರಾಂ, ಹಣ್ಣಿನ ಸಕ್ಕರೆ (ಫ್ರಕ್ಟೋಸ್) 150 ಗ್ರಾಂ. ಬೆಲ್ಲವೂ ನಡೆಯುತ್ತದೆ, ಹೆಚ್ಚು ಬೇಕು, ಹದಕ್ಕೆ ಬರುವುದೂ ತಡ. ನೀಲಿಯನ್ನು ಬಿಸಿನೀರಲ್ಲಿ ಗಂಟಿಲ್ಲದಂತೆ ಕಲಸಿ, 10 ಲೀಟರ್ ಬಿಸಿನೀರಿಗೆ ಸುರಿಯಿರಿ. ಸಕ್ಕರೆ ಕರಗಿದ ಮೇಲೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಉದುರಿಸಿ. ಸುಣ್ಣ ಕೈ ಸುಡುತ್ತದೆ, ಕೈಗವಸು ಬಿಡಬೇಡಿ. ಪಾತ್ರೆ ಅಲ್ಯೂಮಿನಿಯಂ ಆಗಿರಬಾರದು.

ನೀಲಿ ತಯಾರಿಸುವಾಗ ಎಲೆಯ ನೀರನ್ನು ಕಡೆಯಬೇಕು, ಬಾನಿಯನ್ನು ಮಾತ್ರ ಕಡೆಯಬಾರದು. ಒಳಗೆ ಗಾಳಿ ಹೊಕ್ಕರೆ ಬಣ್ಣ ನೀರಲ್ಲೇ ನೀಲಿಗೆ ತಿರುಗುತ್ತದೆ, ಬಟ್ಟೆಗೆ ಇಳಿಯುವುದಿಲ್ಲ. ಮೆಲ್ಲಗೆ ತಿರುವಿ ಮುಚ್ಚಿಡಿ. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿ, ಅದರಡಿಯ ನೀರು ಹಳದಿ-ಹಸಿರಾದರೆ ಹದ ಬಂದಂತೆ.

ಒದ್ದೆ ಪಂಚೆಯನ್ನು ತಳದ ಗಸಿ ತಾಗದಂತೆ ಇಳಿಸಿ ಎರಡು ನಿಮಿಷ ಬಿಡಿ. ನೀರೊಳಗೇ ಹಿಂಡಿ, ಎತ್ತಿ ಹರವಿ. ಎತ್ತಿದಾಗ ಅದು ಎಳೆ ಬಾಳೆಸುಳಿಯ ಬಣ್ಣ. ನೋಡನೋಡುತ್ತಲೇ ಅಂಚಿನಿಂದ ಹಸಿರು ಗಾಢವಾಗುತ್ತದೆ, ಮಡಿಕೆ ಬಿಡಿಸಿದಲ್ಲೆಲ್ಲ ನೀಲಿ ಹಬ್ಬುತ್ತದೆ. ಹತ್ತು ನಿಮಿಷ ಗಾಳಿಯಾಡಲು ಬಿಟ್ಟು ಮತ್ತೆ ಅದ್ದಿ. ಒಂದೇ ಸಲ ಹೊತ್ತುಗಟ್ಟಲೆ ನೆನೆಸುವುದಕ್ಕಿಂತ ಐದಾರು ಸಲ ಅದ್ದಿದ ಬಣ್ಣವೇ ಗಟ್ಟಿ.

ಕೊನೆಗೆ ವಿನೆಗರ್ ಬೆರೆಸಿದ ನೀರಲ್ಲಿ ಜಾಲಿಸಿ, ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಬಾನಿಯನ್ನು ಚೆಲ್ಲಬೇಡಿ. ವಾರ ಕಳೆದ ಮೇಲೂ ಬಿಸಿ ಮಾಡಿ, ಒಂದಿಷ್ಟು ಹಣ್ಣಿನ ಸಕ್ಕರೆ ಹಾಕಿದರೆ ಮತ್ತೆ ಕೆನೆ ಕಟ್ಟುತ್ತದೆ.