ಕಳೆದ ಚೆಂಡು, ಕೊಟ್ಟ ಪೆನಾಲ್ಟಿ

ಬಳ್ಳಾರಿ ಜಿಲ್ಲೆಯ ಮೋಕ ಹೋಬಳಿಯ ಹಳ್ಳಿಗಳಲ್ಲಿ ಮಕ್ಕಳಿಗೆ ಮೊದಲು ಒಲಿಯುವುದು ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲು. ಫುಟ್ಬಾಲ್ ಕಾಲಿಗೆ ಹತ್ತುವುದು ಏಳನೆಯ, ಎಂಟನೆಯ ತರಗತಿಗೆ ಬಂದ ಮೇಲೆ. ಹೀಗೆ ತಡವಾಗಿ ಶುರು ಮಾಡಿದ ತಂಡಗಳು ಹೋಬಳಿ ಮಟ್ಟ ದಾಟಿ ತಾಲ್ಲೂಕಿಗೆ, ಜಿಲ್ಲೆಗೆ ಹೋದಾಗ ಒಂದೇ ರೀತಿಯಲ್ಲಿ ಸೋಲುತ್ತವೆ. ಎದುರಿನವರು ಕಷ್ಟಪಟ್ಟು ಗಳಿಸಿದ ಗೋಲು ಕಡಿಮೆ. ನಾವೇ ಕೈಯಾರೆ ಕೊಟ್ಟದ್ದು ಹೆಚ್ಚು. ದೈಹಿಕ ಶಿಕ್ಷಕನಾಗಿ ಈ ಸೀಮೆಯಲ್ಲಿ ಆಟ ಹೇಳಿಕೊಡುತ್ತ ಬಂದ ವರ್ಷಗಳಲ್ಲಿ ನನ್ನ ನಿದ್ದೆ ಕೆಡಿಸಿದ ಸಮಸ್ಯೆ ಇದು: ಚೆಂಡು ಪದೇ ಪದೇ ಯಾಕೆ ಕಳೆಯುತ್ತದೆ, ಅದರ ಬೆನ್ನಿಗೇ ಫೌಲ್ ಯಾಕೆ ಬರುತ್ತದೆ? ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಇದೇ ಕೆಲಸ ಮಾಡುತ್ತಿರುವ ಗೆಳೆಯರಿಗೆ ಉಪಯೋಗಕ್ಕೆ ಬರಲಿ ಎಂದು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

1. ಬೈಯುವ ಮೊದಲು ಬರೆದಿಡಿ.

ಮ್ಯಾಚ್ ಮುಗಿದ ಮೇಲೆ ಯಾರನ್ನು ಕೇಳಿದರೂ ಕೊನೆಯ ತಪ್ಪೊಂದೇ ನೆನಪಿರುತ್ತದೆ. ಅದಕ್ಕೇ ಕಾಲು ಉಳುಕಿ ಹೊರಗೆ ಕೂತ ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಡಿ. ಪುಟದಲ್ಲಿ ಮೈದಾನದ ಚಿತ್ರ ಬರೆದು ಅಡ್ಡಲಾಗಿ ಮೂರು ಪಾಲು ಮಾಡಲಿ. ಚೆಂಡು ಕಳೆದ ಕಡೆ ಗುಣಾಕಾರ ಚಿಹ್ನೆ, ಫೌಲ್ ಆದ ಕಡೆ ಸೊನ್ನೆ. ಹೆಸರು ಬರೆಸಬೇಡಿ, ಹೆಸರು ಬಂದ ಕೂಡಲೇ ಬರೆಯುವವನು ಗೆಳೆಯನ ಗುರುತುಗಳನ್ನು ಬಿಟ್ಟುಬಿಡುತ್ತಾನೆ. ಕೆಲವು ಮ್ಯಾಚಿನ ಪುಟಗಳನ್ನು ಅಕ್ಕಪಕ್ಕ ಇಟ್ಟರೆ ರೋಗ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಎದುರಾಳಿಯ ಗೋಲಿನ ಕಡೆ ಕಳೆದ ಚೆಂಡಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಪಾಲಿನಲ್ಲಿ ಕಳೆದದ್ದೇ ಕೊಲ್ಲುವುದು.

2. ಮೊದಲು ಥ್ರೋ ಸರಿಪಡಿಸಿ.

ಇದಕ್ಕೆ ಒಂದು ಸಂಜೆ ಸಾಕು. ಎರಡೂ ಪಾದದ ಒಂದಿಷ್ಟಾದರೂ ಭಾಗ ಗೆರೆಯ ಮೇಲೆ ಅಥವಾ ಹೊರಗೆ ನೆಲ ತಾಕಿರಬೇಕು, ಚೆಂಡು ಎರಡೂ ಕೈಯಿಂದ ತಲೆಯ ಹಿಂದಿನಿಂದ ತಲೆಯ ಮೇಲಾಸಿ ಬರಬೇಕು. ತಪ್ಪಿದರೆ ಥ್ರೋ ಎದುರಿನವರಿಗೆ. ಯಾರೂ ಅಡ್ಡ ಬರದೆ ಚೆಂಡು ದಾನ ಮಾಡುವ ಜಾಗ ಇದು. ಎಸೆಯುವವನ ಹತ್ತಿರ ಒಬ್ಬ, ದೂರ ಒಬ್ಬ ಓಡಬೇಕೆಂದು ಮೊದಲೇ ಗೊತ್ತು ಮಾಡಿ.

3. ಫೌಲನ್ನು ಫೌಲಾದ ಜಾಗದಲ್ಲಿ ಹುಡುಕಬೇಡಿ.

ನನಗೆ ಅತಿ ಮುಖ್ಯವೆನಿಸುವ ಮಾತು ಇದು, ಆದ್ದರಿಂದ ಒಂದು ಪ್ರಸಂಗವನ್ನೇ ಹೇಳುತ್ತೇನೆ. ಎಡಗಡೆಯ ಬ್ಯಾಕ್ ಹುಡುಗನಿಗೆ ಚೆಂಡು ಬರುತ್ತಿದೆ. ಅವನ ಮುಖ ನಮ್ಮ ಗೋಲಿನ ಕಡೆಗಿದೆ, ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿಕೊಂಡಿಲ್ಲ. ಬಿರುಕು ಬಿಟ್ಟ ಎರೆ ನೆಲ. ಚೆಂಡು ಕೊನೆಯ ಗಳಿಗೆಯಲ್ಲಿ ಪುಟಿದು ಮೊಣಕಾಲಿಗೆ ಬಡಿದು ಎರಡು ಮಾರು ದೂರ ಹೋಯಿತು. ಹಿಂದಿದ್ದ ಫಾರ್ವರ್ಡ್ ಅದನ್ನು ಎತ್ತಿಕೊಂಡು ಬಾಕ್ಸಿಗೆ ನುಗ್ಗಿದ. ನಮ್ಮವನು ಕಳೆದ ಅವಮಾನಕ್ಕೆ ಹಿಂದಿನಿಂದ ಓಡಿ ಕಾಲು ಹಾಕಿದ. ಸೀಟಿ. ರೆಫರಿ 11 ಮೀಟರ್ ಗುರುತಿನ ಕಡೆ ಕೈ ತೋರಿಸಿದರು.

ಗೆರೆಯ ಹೊರಗೆ ನಿಂತವರೆಲ್ಲ "ಕಾಲು ಯಾಕೆ ಹಾಕಿದೆಯೋ" ಎಂದು ಕೂಗಿದರು. ಆದರೆ ಪೆನಾಲ್ಟಿ ಹುಟ್ಟಿದ್ದು ಅದಕ್ಕೆ ನಾಲ್ಕೈದು ಸೆಕೆಂಡು ಮುಂಚೆ, ಅವನು ಹೆಗಲ ಮೇಲಿಂದ ಹಿಂದೆ ನೋಡದೆ ಚೆಂಡಿಗೆ ಕಾದಾಗ. ಇನ್ನೂ ಹಿಂದೆ ಹೋದರೆ, ಒತ್ತಡದಲ್ಲಿದ್ದವನಿಗೇ ಪಾಸ್ ಕೊಟ್ಟ ಹಾಫ್‌ನಿಂದ. ನೋಟ್‌ಬುಕ್ಕಿನ ಪ್ರತಿ ಸೊನ್ನೆಯಿಂದ ಹಿಂದಕ್ಕೆ ನಡೆದು ಹೋಗಿ. ಬಹುಪಾಲು ಸೊನ್ನೆಗಳ ಹಿಂದೆ ಒಂದು ಕಳೆದ ಚೆಂಡು, ಅದರ ಹಿಂದೆ ಒಂದು ಕೆಟ್ಟ ಮೊದಲ ಸ್ಪರ್ಶ ಸಿಗುತ್ತದೆ. ಎರಡು ರೋಗ ಎಂದುಕೊಂಡು ಎರಡು ಔಷಧ ಹುಡುಕುವವರು ಬರೀ ಶಿಸ್ತಿನ ಪಾಠ ಮಾಡುತ್ತಾರೆ, ಹುಡುಗರು ಹೆದರುತ್ತಾರೆ, ಹೆದರಿದ ಕಾಲು ಚೆಂಡನ್ನು ಇನ್ನಷ್ಟು ಕಳೆಯುತ್ತದೆ.

4. ಮೊದಲ ಸ್ಪರ್ಶಕ್ಕೆ ಅರ್ಧ ತಾಲೀಮು ಕೊಡಿ.

ಮೂರು ಸಂಗತಿ. ಒಂದು, ಚೆಂಡು ಬರುವ ಮುಂಚೆ ಹಿಂದೆ ನೋಡುವುದು. ಇದಕ್ಕೆ ನಾನು ಮಾಡಿಸುವುದು ಸರಳ: ಚೆಂಡು ಪಡೆಯುವವನ ಬೆನ್ನ ಹಿಂದೆ ಒಬ್ಬ ನಿಂತು ಬೆರಳು ಎತ್ತುತ್ತಾನೆ, ಚೆಂಡು ಕಾಲಿಗೆ ಮುಟ್ಟುವುದರೊಳಗೆ ಎಷ್ಟು ಬೆರಳೆಂದು ಇವನು ಕೂಗಿ ಹೇಳಬೇಕು. ಮೊದಮೊದಲು ಚೆಂಡೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ. ಬಿಡದೆ ಮಾಡಿಸಿದರೆ ಕತ್ತು ತಾನಾಗಿಯೇ ತಿರುಗತೊಡಗುತ್ತದೆ. ಎರಡು, ಚೆಂಡಿಗೆ ನೇರ ಎದೆ ಕೊಟ್ಟು ನಿಲ್ಲದೆ ಅಡ್ಡ ನಿಲ್ಲುವುದು. ಅರ್ಧ ಮೈದಾನ ಕಣ್ಣಿಗೆ ಬೀಳುತ್ತದೆ. ಮೂರು, ವೃತ್ತದಲ್ಲಿ ನಾಲ್ವರು, ನಡುವೆ ಒಬ್ಬ. ಕೈಗೂಡಿದ ಮೇಲೆ ಐವರು, ನಡುವೆ ಇಬ್ಬರು. ಚೆಂಡು ಕಳೆದವನು ನಡುವೆ ಹೋಗಬೇಕು. ಮಕ್ಕಳಿಗೆ ಇದು ಆಟವೇ, ಬೇಸರ ಅನ್ನುವುದಿಲ್ಲ.

ನೆಲದ ಮಾತೂ ಇಲ್ಲಿ ಹೇಳಬೇಕು. ನಮ್ಮದು ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆ ಭೂಮಿ. ಮಳೆಗೆ ಕಾಲು ಕಚ್ಚುತ್ತದೆ, ಬೇಸಿಗೆಗೆ ಬೆರಳು ತೂರುವಷ್ಟು ಬಿರಿಯುತ್ತದೆ. ಇಂಥ ಗಟ್ಟಿ ನೆಲದಲ್ಲಿ ಚೆಂಡಿಗೆ ಗಾಳಿ ಬಿಗಿಯಾಗಿ ತುಂಬಿಸುವುದು ದೊಡ್ಡ ತಪ್ಪು. ನಿಯಮ 8.5ರಿಂದ 15.6 ಪಿಎಸ್‌ಐ ವರೆಗೆ ಒಪ್ಪುತ್ತದೆ. ಕೆಳಗಿನ ಅಂಕಿಯ ಹತ್ತಿರವೇ ಇಡಿ, ಪುಟಿತ ಎಷ್ಟು ಇಳಿಯುತ್ತದೆ ನೋಡಿ. ಚಿಕ್ಕ ಮಕ್ಕಳಿಗೆ ನಾಲ್ಕನೆಯ ಅಳತೆಯ ಚೆಂಡು ಕೊಡಿ. 68ರಿಂದ 70 ಸೆಂಟಿಮೀಟರ್ ಸುತ್ತಳತೆ, 410ರಿಂದ 450 ಗ್ರಾಂ ತೂಕದ ಐದನೆಯ ಅಳತೆಯದು ಹನ್ನೊಂದು ವರ್ಷದ ಕಾಲಿಗೆ ಹೆಚ್ಚೇ.

5. ಮೈದಾನದ ಮಾತು ಮೂರೇ ಇರಲಿ.

ಇದು ಗಡಿ ಸೀಮೆ. ಮನೆಯಲ್ಲಿ ಒಬ್ಬ ಕನ್ನಡ, ಒಬ್ಬ ತೆಲುಗು, ಒಬ್ಬ ಉರ್ದು ಆಡುತ್ತಾನೆ. ಅವಸರದಲ್ಲಿ ಬಾಯಿಗೆ ಬರುವುದು ಮನೆಮಾತು. ಹಿಂದೆ ಎದುರಾಳಿ ಇದ್ದರೆ "ಬಂದ", ಖಾಲಿ ಇದ್ದರೆ "ತಿರುಗು", ಚೆಂಡು ಮುಟ್ಟದೆ ಹಿಂದಿನವನಿಗೆ ಬಿಡಬೇಕಾದರೆ "ಬಿಡು". ಇಷ್ಟೇ. ಪಾಸ್ ಕೊಟ್ಟವನೇ ಕೂಗಬೇಕು. ಕೊಟ್ಟು ಸುಮ್ಮನಾದರೆ ಅರ್ಧ ಪಾಸ್ ಕೊಟ್ಟಂತೆ.

6. ಕಬಡ್ಡಿಯ ಕೈಯನ್ನು ಗೆರೆಯ ಹೊರಗೆ ಬಿಟ್ಟು ಬರಲಿ.

ನಮ್ಮ ಹುಡುಗರ ಫೌಲುಗಳಲ್ಲಿ ಅಂಗಿ ಜಗ್ಗುವುದು, ಸೊಂಟಕ್ಕೆ ಕೈ ಹಾಕುವುದು ಯಾಕೆ ಇಷ್ಟು ಎಂದು ಬಹಳ ದಿನ ಯೋಚಿಸಿದ್ದೇನೆ. ಕಬಡ್ಡಿಯಲ್ಲಿ ಬೆಳೆದ ಮೈ ಅದು. ದಾಟಿ ಹೋಗುವವನನ್ನು ಹಿಡಿಯುವುದೇ ಅಲ್ಲಿ ಕಲೆ, ಹಿಡಿದರೆ ಊರೇ ಚಪ್ಪಾಳೆ ತಟ್ಟುತ್ತದೆ. ಆ ಮಕ್ಕಳಿಗೆ ಕೆಟ್ಟ ಬುದ್ಧಿ ಇಲ್ಲ. ಕೈಗೆ ಬೇರೆ ಅಭ್ಯಾಸವಿದೆ. ಟ್ಯಾಕಲ್ ತಾಲೀಮಿನಲ್ಲಿ ಎರಡೂ ಕೈಗೆ ಒಂದೊಂದು ಹಳೆಯ ಟೆನಿಸ್ ಚೆಂಡು ಕೊಟ್ಟು ಬಿಡಿ. ಮುಷ್ಟಿ ತುಂಬಿದ್ದರೆ ಹಿಡಿಯಲು ಕೈ ಇರುವುದಿಲ್ಲ, ಪಾದ ಓಡಿಸಲೇಬೇಕು. ಅದೇ ಕಬಡ್ಡಿಯಿಂದ ಬಂದ ಬಾಗಿದ ಮೊಣಕಾಲು, ಎದುರಾಳಿಯ ಸೊಂಟದ ಮೇಲಿಟ್ಟ ಕಣ್ಣು, ಪಕ್ಕಕ್ಕೆ ಸರಿಯುವ ಚುರುಕು ಇವೆಲ್ಲ ಡಿಫೆಂಡರಿಗೆ ಬಂಗಾರ. ಅವನ್ನು ಉಳಿಸಿಕೊಳ್ಳಿ.

"ಸರ್, ಅವ ಜಗ್ಗಿದ್ರ ನಾನೂ ಜಗ್ಗಬೇಕಲ್ಲ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ನಿಯಮ ಬಿಡಿಸಿ ಹೇಳಿ. ಖಚಿತ ಗೋಲಾಗುವ ಅವಕಾಶವನ್ನು ಬಾಕ್ಸಿನೊಳಗೆ ಫೌಲಿನಿಂದ ತಪ್ಪಿಸಿ ಪೆನಾಲ್ಟಿ ಕೊಟ್ಟಾಗ, ಚೆಂಡಿಗಾಗಿಯೇ ಕಾಲು ಹಾಕಿ ಎಡವಟ್ಟಾಗಿದ್ದರೆ 2016ರಿಂದ ಹಳದಿ ಕಾರ್ಡು. ಹಿಡಿದದ್ದು, ಜಗ್ಗಿದ್ದು, ನೂಕಿದ್ದು ಆದರೆ ಈಗಲೂ ಕೆಂಪು ಕಾರ್ಡು. ಹೊರಗೆ ಹಿಡಿಯಲು ಶುರು ಮಾಡಿ ಬಾಕ್ಸಿನೊಳಗೂ ಬಿಡದಿದ್ದರೆ ಅದೂ ಪೆನಾಲ್ಟಿಯೇ. ಅಂಗಿಯ ಒಂದು ಹಿಡಿತಕ್ಕೆ ಗೋಲೂ ಹೋಯಿತು, ಆಟಗಾರನೂ ಹೋದ. ಇದು ಗೊತ್ತಾದ ಮೇಲೆ ಬಾಕ್ಸಿಗೆ ಬಂದ ಕೂಡಲೇ ಕೈ ಬೆನ್ನ ಹಿಂದೆ ಕಟ್ಟುವುದನ್ನು ಅವರೇ ಒಬ್ಬರಿಗೊಬ್ಬರು ನೆನಪಿಸುತ್ತಾರೆ.

ಕಾಲು ಹಾಕುವ ಆತುರಕ್ಕೂ ಒಂದು ಮಾತು: ಒಂದು ಮಾರು ದೂರದಲ್ಲಿ ತಡೆದು ನಿಂತು ಎದುರಾಳಿಯನ್ನು ಅಂಚಿನ ಗೆರೆಯ ಕಡೆ ತಳ್ಳುತ್ತ ಹೋದರೆ ಸಾಕು. ಇನ್ನೊಬ್ಬ ಬಂದು ಸೇರುವವರೆಗೆ ಸಮಯ ಗೆದ್ದರೆ ಅದೇ ಒಳ್ಳೆಯ ಟ್ಯಾಕಲ್.

7. ಸೀಟಿ ಊದಿದ ಮೇಲೂ ಆಟ ಇದೆ.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟಿ ಮುಗಿಸಿರಲಿಲ್ಲ. ಸುನಿಲ್ ಛೆಟ್ರಿ ತಕ್ಷಣ ಒದ್ದು ಗೋಲು ಮಾಡಿದರು, ರೆಫರಿ ಒಪ್ಪಿದರು, ಕೇರಳ ತಂಡ ಮೈದಾನ ಬಿಟ್ಟು ನಡೆಯಿತು. ಅದು ಸರಿಯೋ ತಪ್ಪೋ ಎಂದು ಆಮೇಲೆ ದೇಶವೆಲ್ಲ ವಾದ ಮಾಡಿತು. ಮಕ್ಕಳಿಗೆ ನಾನು ತೋರಿಸುವುದು ಬೇರೆ: ಫೌಲ್ ಮಾಡಿದ ತಂಡ ಚೆಂಡಿನಿಂದ ಕಣ್ಣು ತೆಗೆಯಬಾರದು. ಗೋಡೆ 9.15 ಮೀಟರ್ ದೂರಕ್ಕೆ ಹೋಗುವವರೆಗೂ ಒಬ್ಬನ ಮುಖ ಚೆಂಡಿನ ಕಡೆಗೇ ಇರಬೇಕು. ರೆಫರಿಯೊಂದಿಗೆ ಮಾತು ನಾಯಕನೊಬ್ಬನದೇ. ವಾದಕ್ಕೆ ಬಂದ ಹಳದಿ ಕಾರ್ಡಿನಿಂದ ತಂಡಕ್ಕೆ ಏನೂ ದಕ್ಕುವುದಿಲ್ಲ.

ಅದೇ ತಿಂಗಳ 18ರಂದು ಗೋವಾದ ಫತೋರ್ಡದಲ್ಲಿ ನಡೆದ ಫೈನಲ್ ನೋಡಿ. ಎಟಿಕೆ ಮೋಹನ್ ಬಗಾನ್ ವಿರುದ್ಧ 2-2. ಆ ನಾಲ್ಕು ಗೋಲುಗಳಲ್ಲಿ ಮೂರು ಬಂದದ್ದು ಪೆನಾಲ್ಟಿಯಿಂದ! ಕೊನೆಗೆ ಶೂಟೌಟಿನಲ್ಲಿ ಬೆಂಗಳೂರು 4-3ರಿಂದ ಸೋತಿತು. ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಹತ್ತಿರ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತಾಲೀಮು ಮಾಡಿದ ತಂಡ ಅದು. ಹುಲ್ಲು, ತರಬೇತುದಾರರು, ಆಹಾರ ಎಲ್ಲ ಇದ್ದ ತಂಡಕ್ಕೂ ಬಾಕ್ಸಿನೊಳಗಿನ ಒಂದು ಗಳಿಗೆ ಅಷ್ಟು ದುಬಾರಿಯಾಗುತ್ತದೆ.

8. ಸಿಕ್ಕ ಪೆನಾಲ್ಟಿಯನ್ನು ಹಾಳು ಮಾಡುವುದೂ ಚೆಂಡು ಕಳೆದಂತೆಯೇ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ಭಾರತದ ಒಂದೇ ಗೋಲು ನಮ್ಮ ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್ ಅವರದು. ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಆ ತಂಡ ಅಂದು ಎರಡು ಪೆನಾಲ್ಟಿಗಳನ್ನು ಗೋಲಾಗಿಸದೆ ಹೋಯಿತು. ಪೆನಾಲ್ಟಿ ಒದೆತವನ್ನು ತಾಲೀಮಿನ ಕೊನೆಗೆ, ಕಾಲು ಸೋತಿರುವಾಗ ಮಾಡಿಸಿ. ಯಾರು ಒದೆಯುತ್ತಾರೆಂದು ಮ್ಯಾಚಿನ ಮುಂಚೆಯೇ ಗೊತ್ತಿರಲಿ.

9. ಕೊನೆಯ ಹತ್ತು ನಿಮಿಷದ ತಪ್ಪು ಬುತ್ತಿಯಲ್ಲಿರುತ್ತದೆ.

ನೋಟ್‌ಬುಕ್ಕಿನಲ್ಲಿ ಸಮಯವನ್ನೂ ಬರೆಸಿದರೆ ಇದು ಗೊತ್ತಾಗುತ್ತದೆ. ಕಾಲು ದಣಿದಾಗ ಅರ್ಧ ಹೆಜ್ಜೆ ತಡವಾಗುತ್ತದೆ. ಚೆಂಡಿಗೆ ಹೋದ ಪಾದ ಎದುರಾಳಿಯ ಗೆಣ್ಣಿಗೆ ಬೀಳುತ್ತದೆ. ಅದನ್ನು ಒರಟುತನ ಅನ್ನಬಾರದು. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಬೆಳಗಿನಿಂದ ಹೊಲದಲ್ಲಿ ಬಗ್ಗಿ ಸಂಜೆ ಮೈದಾನಕ್ಕೆ ಬರುವ ಮಕ್ಕಳಿದ್ದಾರೆ. ಅವರನ್ನು ಸುತ್ತು ಓಡಿಸುವುದು ಅನ್ಯಾಯ. ಆ ದಿನ ನಿಂತಲ್ಲೇ ಪಾಸು, ವೃತ್ತದ ಆಟ ಅಷ್ಟೇ ಸಾಕು. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವ ತಿಂಗಳಲ್ಲಿ ಬೆಳಗಿನ ಆರು ಗಂಟೆ ಬಿಟ್ಟು ಬೇರೆ ಹೊತ್ತಿಲ್ಲ. ಕೊಡದಲ್ಲಿ ನೀರು, ಉಪ್ಪು-ಸಕ್ಕರೆ ಬೆರೆಸಿದ್ದು, ಗೆರೆಯ ಪಕ್ಕದಲ್ಲೇ ಇರಬೇಕು. ಮ್ಯಾಚಿನ ದಿನ ತಿಂದು ಬಂದೆಯಾ ಎಂದು ಒಬ್ಬೊಬ್ಬರನ್ನೂ ಕೇಳಿ. ಬಾಳೆಹಣ್ಣು ತರಲು ಊರಿನ ಹಿರಿಯರನ್ನು ಕೇಳಿದರೆ ಇಲ್ಲ ಅನ್ನುವುದಿಲ್ಲ.

10. ಎಲ್ಲ ಕಳೆತವನ್ನೂ ನಿಲ್ಲಿಸಲು ಹೋಗಬೇಡಿ.

ಎಚ್ಚರಿಕೆ ಕಲಿಸುವ ಉತ್ಸಾಹದಲ್ಲಿ ತಂಡವನ್ನು ಹಿಂದಕ್ಕೇ ಪಾಸ್ ಮಾಡುವ ಹನ್ನೊಂದು ಅಂಜುಬುರುಕರನ್ನಾಗಿ ಮಾಡಿಬಿಡಬಹುದು. ನಮ್ಮ ಹುಡುಗಿಯರ ತಂಡದಲ್ಲಿ ಬಲ ಅಂಚಿನಲ್ಲಿ ಆಡುವವಳು ಎದುರಿನವರ ಕಾರ್ನರ್ ಬಾವುಟದ ಹತ್ತಿರ ಇಬ್ಬರನ್ನು ಒಬ್ಬಳೇ ಎದುರಿಸಿ ಹೋಗುತ್ತಾಳೆ. ಹಲವು ಸಲ ಕಳೆಯುತ್ತಾಳೆ, ಒಂದು ಸಲ ದಾಟುತ್ತಾಳೆ, ಆ ಒಂದು ಸಲಕ್ಕೆ ಗೋಲಾಗುತ್ತದೆ. ಅವಳಿಗೆ ಏನೂ ಹೇಳಬೇಡಿ. ಹೇಳಬೇಕಾದ್ದು ಅವಳ ಹಿಂದಿನ ಇಬ್ಬರಿಗೆ: ಅವಳು ಹೊರಟ ಕೂಡಲೇ ಒಬ್ಬಳು ಹತ್ತು ಹೆಜ್ಜೆ ಹಿಂದೆ ಬಂದು ನಿಲ್ಲಲಿ, ಚೆಂಡು ಕಳೆದ ಮೊದಲ ಐದು ಸೆಕೆಂಡು ಅಲ್ಲೇ ಮುತ್ತಿಗೆ ಹಾಕಲಿ, ಇನ್ನೊಬ್ಬಳು ನಡುಗೆರೆ ದಾಟಿ ಮುಂದೆ ಬರದಿರಲಿ.