ವಿಜ್ಞಾನ ವಿದ್ಯಾರ್ಥಿಯ ಬರವಣಿಗೆಗೆ ಎಂಟು ಸೂತ್ರಗಳು

ಬಿ.ಎಸ್ಸಿ. ಓದುವವರಿಗೆ ಬರವಣಿಗೆಯ ಕೋರ್ಸ್ ಯಾಕೆ? ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ನಾನು ಅದನ್ನು ಆರಿಸಿಕೊಂಡಾಗ ಸಹಪಾಠಿಗಳು ಕೇಳಿದ ಪ್ರಶ್ನೆ ಇದು. ಕೋರ್ಸ್ ಮುಗಿದ ಮೇಲೆ ನನ್ನ ಉತ್ತರ ಸ್ಪಷ್ಟವಾಗಿದೆ: ಬರೆದು ಮುಗಿಸುವವರೆಗೆ ಪ್ರಯೋಗ ಮುಗಿಯುವುದಿಲ್ಲ. ಅರೆಬರೆ ತಿಳಿದದ್ದು ತಲೆಯೊಳಗೆ ಎಷ್ಟು ಕಾಲವಾದರೂ ಅಡಗಿರಬಲ್ಲದು, ಹಾಳೆಯ ಮೇಲೆ ಬಂದ ಕೂಡಲೇ ಸಿಕ್ಕಿಬೀಳುತ್ತದೆ. ಆ ತರಗತಿಯಿಂದ ನಾನು ಉಳಿಸಿಕೊಂಡ ಸೂತ್ರಗಳು ಇವು.

1. ಮೊದಲು ಒಂದೇ ವಾಕ್ಯದಲ್ಲಿ ಹೇಳಿ
‘ದ್ಯುತಿಸಂಶ್ಲೇಷಣೆಯ ಬಗ್ಗೆ ಬರೆಯುತ್ತೇನೆ’ ಎಂದರೆ ಸಾಲದು, ಅದು ವಿಷಯ ಮಾತ್ರ. ‘ಬೆಳಕು ಹೆಚ್ಚಿದಂತೆ ದ್ಯುತಿಸಂಶ್ಲೇಷಣೆಯ ವೇಗ ಏರುತ್ತದೆ, ಒಂದು ಮಿತಿ ದಾಟಿದ ಮೇಲೆ ಏರಿಕೆ ನಿಲ್ಲುತ್ತದೆ’ ಎನ್ನುವಲ್ಲಿ ಒಂದು ವಾದವಿದೆ. ಅಂಥ ವಾಕ್ಯ ಹೊಳೆಯದಿದ್ದರೆ ಮತ್ತೆ ಪುಸ್ತಕ ತೆರೆಯಿರಿ.

2. ಓದುಗರಿಗೆ ಗೊತ್ತಿರುವಲ್ಲಿಂದ ಹೊರಡಿ
1860ರ ಕೊನೆಯಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಎಳೆಯರಿಗಾಗಿ ಆರು ಉಪನ್ಯಾಸಗಳ ಸರಣಿ ಆರಂಭಿಸಿದರು. ಎತ್ತಿಕೊಂಡದ್ದು ಉರಿಯುವ ಮೇಣದಬತ್ತಿ. ಎಲ್ಲರ ಮನೆಯಲ್ಲೂ ಇದ್ದ ಆ ಬತ್ತಿಯನ್ನೇ ಹಿಡಿದು ದಹನ, ಜಲಜನಕ, ಇಂಗಾಲದ ಡೈಆಕ್ಸೈಡ್ ದಾಟಿ, ಮನುಷ್ಯನ ಉಸಿರಾಟದವರೆಗೆ ಕೇಳುಗರನ್ನು ಕರೆದೊಯ್ದರು. ಯಾರಿಗಾಗಿ ಬರೆಯುತ್ತಿದ್ದೀರಿ ಎಂಬುದು ತಿಳಿದರೆ ಮೊದಲ ಸಾಲು ತಾನಾಗಿ ಸಿಗುತ್ತದೆ.

3. ಮಾಡಿದವರನ್ನು ಮರೆಮಾಡಬೇಡಿ
‘ದ್ರಾವಣವು ನಮ್ಮಿಂದ ಬಿಸಿ ಮಾಡಲ್ಪಟ್ಟಿತು’ ಎಂದು ಬರೆಯಬೇಡಿ. ‘ದ್ರಾವಣವನ್ನು ಬಿಸಿ ಮಾಡಿದೆವು’ ಎನ್ನಿ. ವಾಕ್ಯ ಹಗುರಾಗುತ್ತದೆ, ಹೊಣೆಯೂ ಸ್ಪಷ್ಟವಾಗುತ್ತದೆ.

4. ಏಕಮಾನವಿಲ್ಲದ ಅಂಕಿ ಬರೆಯಬೇಡಿ
1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹವನ್ನು ತಲುಪಿಯೂ ಕೈತಪ್ಪಿತು. ಭೂಮಿಯ ಮೇಲಿದ್ದ ಒಂದು ತಂತ್ರಾಂಶ ಪೌಂಡ್-ಸೆಕೆಂಡ್‌ಗಳಲ್ಲಿ ಲೆಕ್ಕ ಕೊಟ್ಟಿತ್ತು. ಪಥ ನಿರ್ಣಯಿಸುವವರ ಲೆಕ್ಕಾಚಾರ ಅದನ್ನು ನ್ಯೂಟನ್-ಸೆಕೆಂಡ್ ಎಂದೇ ತೆಗೆದುಕೊಂಡಿತು. ಅಂಕಿಯ ಪಕ್ಕದ ಆ ಒಂದು ಪದದಲ್ಲಿ ಇಡೀ ಪ್ರಯೋಗದ ಅಳಿವು ಉಳಿವು ಇರಬಹುದು.

5. ಪುರಾವೆ ಎಷ್ಟಿದೆಯೋ ಮಾತು ಅಷ್ಟೇ ಇರಲಿ
ಹತ್ತು ಗಿಡಗಳಲ್ಲಿ ಕಂಡದ್ದನ್ನು ‘ಎಲ್ಲ ಗಿಡಗಳಲ್ಲೂ’ ಎಂದು ಹಿಗ್ಗಿಸಬೇಡಿ. ‘ಸೂಚಿಸುತ್ತದೆ’ ಎನ್ನಬೇಕಾದಲ್ಲಿ ‘ಸಾಬೀತಾಗಿದೆ’ ಎನ್ನಬೇಡಿ. ಒಂದರ ಬೆನ್ನಿಗೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ. ಈ ಸಂಯಮವೇ ವಿಜ್ಞಾನ ಬರಹದ ಪ್ರಾಮಾಣಿಕತೆ.

6. ಪುಟ ತುಂಬಿಸಬೇಡಿ
ಡಿಎನ್‌ಎ ರಚನೆಯನ್ನು ವಿವರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನ 1953ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದರ ಉದ್ದ ಹೆಚ್ಚುಕಡಿಮೆ ಒಂದು ಪುಟ. ನಿಮ್ಮ ಪೀಠಿಕೆಯ ಮೊದಲ ಪ್ಯಾರಾ ತೆಗೆದು ನೋಡಿ. ಅರ್ಥ ಕೆಡದಿದ್ದರೆ ಅದು ಬೇಡ.

7. ವಿಜ್ಞಾನಿಗಳ ಕನ್ನಡ ಓದಿ
ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಡಿನ ಸಸ್ಯಗಳ ನಿಖರ ಪರಿಚಯ, ವಿದ್ಯಾರ್ಥಿಗಳ ಜೊತೆಗಿನ ಅಲೆದಾಟ, ನಗು ಎಲ್ಲವೂ ಅಲ್ಲಿ ಒಟ್ಟಿಗೆ ಸಾಗುತ್ತವೆ. ನಿಖರತೆಗೂ ಸೊಗಸಿಗೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

8. ಗಟ್ಟಿಯಾಗಿ ಓದಿ, ಆಮೇಲೆ ತಿದ್ದಿ
ಉಸಿರು ಸಾಲದ ವಾಕ್ಯವನ್ನು ಎರಡಾಗಿ ಒಡೆಯಿರಿ. ನಾಲಗೆ ತೊಡರುವ ಕಡೆ ಪದ ಬದಲಿಸಿ. ಬಳಿಕ ಬೇರೆ ವಿಭಾಗದವರ ಕೈಗೆ ಕೊಟ್ಟು, ‘ಎಲ್ಲಿ ಅರ್ಥವಾಗಲಿಲ್ಲ?’ ಎಂದು ಕೇಳಿ. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ವಾದಕ್ಕೆ ಇಳಿಯದೆ ಹೊಸದಾಗಿ ಬರೆಯಿರಿ.

ನಿಮ್ಮ ಕಾಲೇಜಿನಲ್ಲಿ ಇಂಥ ಕೋರ್ಸ್ ಇದ್ದರೆ ಹಿಂಜರಿಯದೆ ಸೇರಿಕೊಳ್ಳಿ. ಇಲ್ಲದಿದ್ದರೆ ಈ ವಾರದ ಪ್ರಾಕ್ಟಿಕಲ್‌ನಲ್ಲಿ ಮಾಡಿದ ಒಂದು ಪ್ರಯೋಗವನ್ನು ಬಿ.ಎ. ಓದುವ ಗೆಳೆಯರಿಗೆ ತಿಳಿಯುವಂತೆ ಒಂದೇ ಪುಟದಲ್ಲಿ ಬರೆಯಿರಿ. ಅದು ಅವರಿಗೆ ಅರ್ಥವಾದರೆ, ನಿಮಗೂ ಅರ್ಥವಾಗಿದೆ ಎಂದು ಧೈರ್ಯವಾಗಿ ಹೇಳಬಹುದು.