ಕಣ್ಣಿನಿಂದ ಏನು ಹೊರಡುತ್ತದೆ?



ಬೆಳಗಿನಿಂದ ರಾತ್ರಿವರೆಗೆ ನಾವು ನೋಡುತ್ತಲೇ ಇರುತ್ತೇವೆ. ಅಕ್ಕಿಯಲ್ಲಿ ಕಲ್ಲು ನೋಡುತ್ತೇವೆ. ಬಸ್ಸಿನ ಬೋರ್ಡು ನೋಡುತ್ತೇವೆ. ಈಗ ಅಕ್ಷರ ನೋಡಿ ಓದುತ್ತೇವೆ. ಆದರೆ ಕಣ್ಣಿಗೆ ಕಾಣುವುದು ಹೇಗೆ? ಇಂದು ಈ ಪ್ರಶ್ನೆ ಕೇಳೋಣ.

ಪ್ರಶ್ನೆ ಕೇಳಿ ಎಂದ ಮೇಷ್ಟ್ರು

ಎಚ್. ನರಸಿಂಹಯ್ಯ ಎಂಬ ಮೇಷ್ಟ್ರು ಇದ್ದರು. ಜನ ಅವರನ್ನು ಎಚ್ಚೆನ್ ಎಂದು ಕರೆಯುತ್ತಿದ್ದರು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಬಡವರ ಮನೆಯ ಮಗ. ಕಷ್ಟಪಟ್ಟು ಓದಿದರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಕಲಿಸಿದರು. ಜನರಿಗೆ ವಿಜ್ಞಾನ ತಿಳಿಸಲು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 2005ರಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಪ್ರಶ್ನೆ ಕೇಳಿದರೆ ಹಿರಿಯರಿಗೆ ಅಗೌರವ ಮಾಡಿದಂತೆ ಅಲ್ಲ. ನಿಜ ತಿಳಿಯಲು ಅದೇ ದಾರಿ. ನಾವೂ ಆ ದಾರಿಯಲ್ಲಿ ನಡೆಯೋಣ.

ಕತ್ತಲಲ್ಲಿ ಏಕೆ ಕಾಣುವುದಿಲ್ಲ?

ರಾತ್ರಿ ಕರೆಂಟು ಹೋಯಿತು. ದೀಪ ಇಲ್ಲ. ಕಣ್ಣು ತೆರೆದೇ ಇದೆ. ಆದರೂ ಎದುರಿಗಿರುವ ಬಿಂದಿಗೆ ಕಾಣುವುದಿಲ್ಲ. ಬೆಂಕಿಕಡ್ಡಿ ಗೀರಿದರೆ ಕಾಣುತ್ತದೆ. ಹಾಗಾದರೆ ಕಾಣಲು ಕಣ್ಣು ಒಂದೇ ಸಾಲದು. ಬೆಳಕೂ ಬೇಕು.

ಆ ಬೆಳಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಹಿಂದೆ ಗ್ರೀಸ್ ದೇಶದ ದೊಡ್ಡ ಪಂಡಿತರೇ ನಂಬಿದ್ದರು.

ಸುಮಾರು 1000 ವರ್ಷದ ಹಿಂದೆ ಇಬ್ನ್ ಅಲ್ ಹೈತಮ್ ಎಂಬ ವಿಜ್ಞಾನಿ ಇದನ್ನು ಪ್ರಶ್ನೆ ಮಾಡಿದರು. ಅವರು ಹುಟ್ಟಿದ್ದು ಇಂದಿನ ಇರಾಕ್ ದೇಶದ ಬಸ್ರಾದಲ್ಲಿ. ಕೆಲಸ ಮಾಡಿದ್ದು ಈಜಿಪ್ಟ್ ದೇಶದಲ್ಲಿ. ಸೂರ್ಯನನ್ನು ನೋಡಿದರೆ ಕಣ್ಣು ನೋಯುತ್ತದೆ. ಹೊರಗಿನಿಂದ ಏನೋ ಒಳಗೆ ಬರುವುದರಿಂದಲೇ ಹೀಗಾಗುತ್ತದೆ ಎಂದು ಅವರು ತೋರಿಸಿದರು. ಕತ್ತಲೆ ಕೋಣೆ, ಸಣ್ಣ ತೂತು, ದೀಪಗಳನ್ನು ಇಟ್ಟು ಪರೀಕ್ಷೆ ಮಾಡಿ ನೋಡಿದರು.

(ಸೂರ್ಯನನ್ನು ನೇರವಾಗಿ ನೋಡಬೇಡಿ. ಕಣ್ಣು ಹಾಳಾಗುತ್ತದೆ.)

ನಿಜ ಸಂಗತಿ ಇದು. ಬಿಸಿಲು ಅಥವಾ ದೀಪದ ಬೆಳಕು ಬಿಂದಿಗೆಯ ಮೇಲೆ ಬೀಳುತ್ತದೆ. ಅಲ್ಲಿಂದ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಕಣ್ಣಿನ ಪಾಪೆ ಒಂದು ತೂತಿನಂತೆ. ಅದರೊಳಗೆ ಬೆಳಕು ಹೋಗುತ್ತದೆ. ಕಣ್ಣಿನ ಹಿಂಭಾಗದ ಪರದೆಯ ಮೇಲೆ ಚಿತ್ರ ಮೂಡುತ್ತದೆ. ನರದ ಮೂಲಕ ಮೆದುಳಿಗೆ ಸುದ್ದಿ ಹೋಗುತ್ತದೆ. ಆಗ ನಮಗೆ ಬಿಂದಿಗೆ ಕಾಣುತ್ತದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದರೆ ಈ ಬೆಳಕಿಗೆ ಅಡ್ಡ ಆಗುತ್ತದೆ. ಅದಕ್ಕೇ ಮಬ್ಬು ಮಬ್ಬಾಗಿ ಕಾಣುವುದು.

“ಬೆಕ್ಕಿನ ಕಣ್ಣು ರಾತ್ರಿ ಹೊಳೀತದಲ್ಲ, ಟೀಚರ್? ಅದರ ಕಣ್ಣಿಂದ ಬೆಳಕು ಬರೋದಿಲ್ವಾ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಬೆಕ್ಕಿನ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ. ದನದ ಕಣ್ಣಿನಲ್ಲೂ ಇದೆ. ನಮ್ಮ ಟಾರ್ಚಿನ ಬೆಳಕೇ ಅಲ್ಲಿಗೆ ಹೋಗಿ ವಾಪಸ್ ಬರುತ್ತದೆ. ಪೂರಾ ಕತ್ತಲಲ್ಲಿ ಬೆಕ್ಕಿನ ಕಣ್ಣೂ ಹೊಳೆಯುವುದಿಲ್ಲ.

ಮಾಡಿ ನೋಡಿ

ಒಂದು ಖಾಲಿ ತಗಡಿನ ಡಬ್ಬಿ ತೆಗೆದುಕೊಳ್ಳಿ. ತಳದಲ್ಲಿ ಸಣ್ಣ ಮೊಳೆಯಿಂದ ಒಂದು ತೂತು ಮಾಡಿ. ಬಾಯಿಗೆ ತೆಳು ಕಾಗದ ಕಟ್ಟಿ. ಕಾಗದಕ್ಕೆ ಸ್ವಲ್ಪ ಎಣ್ಣೆ ಸವರಿ. ಕತ್ತಲೆ ಕೋಣೆಯಲ್ಲಿ ದೀಪ ಹಚ್ಚಿ. ತೂತನ್ನು ದೀಪದ ಕಡೆ ಹಿಡಿಯಿರಿ. ಕಾಗದದ ಮೇಲೆ ದೀಪದ ಕುಡಿ ಕಾಣುತ್ತದೆ, ಅದೂ ತಲೆಕೆಳಗಾಗಿ! ಡಬ್ಬಿ ದೀಪದ ಕಡೆಗೆ ಏನನ್ನೂ ಕಳಿಸಲಿಲ್ಲ. ಬೆಳಕೇ ಡಬ್ಬಿಯೊಳಗೆ ಬಂತು. ಕಣ್ಣಿನೊಳಗಿನ ಪರದೆಯ ಮೇಲೂ ಚಿತ್ರ ತಲೆಕೆಳಗಾಗಿಯೇ ಮೂಡುತ್ತದೆ. ಅದನ್ನು ಅರ್ಥ ಮಾಡಿಕೊಳ್ಳುವುದು ಮೆದುಳಿನ ಕೆಲಸ.

ಹಾಗಾದರೆ ದೃಷ್ಟಿ ತಾಗುವುದು?

ಮಗುವಿಗೆ ಭೇದಿ ಆಯಿತು. “ಯಾರದೋ ಕೆಟ್ಟ ಕಣ್ಣು ಬಿತ್ತು” ಎನ್ನುತ್ತೇವೆ. ಉಪ್ಪು ಮೆಣಸಿನಕಾಯಿ ನಿವಾಳಿಸುತ್ತೇವೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡುತ್ತೇವೆ, ನಿಜ. ಆದರೆ ಈಗ ಕೇಳೋಣ. ನೋಡುವವರ ಕಣ್ಣಿನಿಂದ ಏನು ಹೊರಟಿತು? ಏನೂ ಇಲ್ಲ. ಮಗುವಿನ ಮೇಲೆ ಬಿದ್ದ ಬೆಳಕು ಅವರ ಕಣ್ಣಿಗೆ ಬಂತು, ಅಷ್ಟೆ. ನೋಡಿದ್ದರಿಂದ ಮಗುವಿಗೆ ಏನೂ ಆಗಲಿಲ್ಲ.

ಭೇದಿ ಬರುವುದು ಕೊಳಕು ನೀರಿನಿಂದ, ನೊಣ ಕೂತ ಆಹಾರದಿಂದ, ತೊಳೆಯದ ಕೈಯಿಂದ. ಭೇದಿಯಾದರೆ ಮೈಯ ನೀರು ಕಡಿಮೆಯಾಗುತ್ತದೆ. ಸಣ್ಣ ಮಗುವಿನ ಜೀವಕ್ಕೇ ಅಪಾಯ. ನಿವಾಳಿಸುತ್ತಾ ಕೂತರೆ ಹೊತ್ತು ಹೋಗುತ್ತದೆ. ಕೂಡಲೇ ಓ.ಆರ್.ಎಸ್. ನೀರು ಕುಡಿಸಿ. ಪ್ಯಾಕೆಟ್ ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಚಮಚ ಮಟ್ಟವಾಗಿರಲಿ. ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಎದೆಹಾಲು ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ. ಮಗು ಸುಸ್ತಾದರೆ, ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಕೆಟ್ಟ ಕಣ್ಣು ಎಂದು ನಾವು ಯಾರನ್ನು ದೂರುತ್ತೇವೆ? ಗಂಡ ಸತ್ತವಳನ್ನು. ಮಕ್ಕಳಿಲ್ಲದವಳನ್ನು. ನಾಮಕರಣಕ್ಕೆ ಅವಳನ್ನು ಕರೆಯುವುದಿಲ್ಲ. ತೊಟ್ಟಿಲ ಹತ್ತಿರ ಬಿಡುವುದಿಲ್ಲ. ಅವಳೂ ನಮ್ಮಂಥ ಹೆಂಗಸೇ. ಅವಳ ಕಣ್ಣೂ ನಮ್ಮ ಕಣ್ಣಿನಂತೆಯೇ ಕೆಲಸ ಮಾಡುತ್ತದೆ. ಅವಳು ಮಾಡಿದ ತಪ್ಪೇನು? ಮುಂದಿನ ನಾಮಕರಣಕ್ಕೆ ಅವಳನ್ನೂ ಕರೆಯೋಣ. ಮಗುವನ್ನು ಅವಳ ಕೈಗೂ ಕೊಡೋಣ.

ಓದಿ, ಬರೆಯಿರಿ
ಕಣ್ಣು, ಬೆಳಕು, ಕನ್ನಡಿ, ಪರದೆ, ಪ್ರಶ್ನೆ, ದೃಷ್ಟಿ

ಉತ್ತರ ಹೇಳಿ
1. ಕತ್ತಲಲ್ಲಿ ಬಿಂದಿಗೆ ಏಕೆ ಕಾಣುವುದಿಲ್ಲ?
2. ಬೆಕ್ಕಿನ ಕಣ್ಣು ಯಾವಾಗ ಹೊಳೆಯುತ್ತದೆ?
3. ಭೇದಿಯಾದ ಮಗುವಿಗೆ ಮೊದಲು ಏನು ಕೊಡಬೇಕು?

ಮಾತಾಡಿ
ನಿಮ್ಮ ಊರಿನಲ್ಲಿ ಯಾರನ್ನಾದರೂ ಕೆಟ್ಟ ಕಣ್ಣಿನವಳು ಎನ್ನುತ್ತಾರೆಯೇ? ಅವಳ ಹೆಸರು ಹೇಳಬೇಡಿ. ಅವಳಿಗೆ ಹೇಗನ್ನಿಸುತ್ತದೆ ಎಂದು ನಿಮ್ಮ ಗುಂಪಿನಲ್ಲಿ ಮಾತಾಡಿ.